ಹಾಲು ಸಾಲುವುದಿಲ್ಲ ಎಂದು ಯಾರು ಹೇಳಬೇಕು?

ಒಂಬತ್ತು ತುಂಬಿದ ಗರ್ಭಿಣಿಯನ್ನು ನೋಡಲು ಬರುವವರು ಏನೇನು ಕೇಳುತ್ತಾರೆ ಎಂಬುದು ನಮ್ಮ ವಿಜಯಪುರದ ಕಡೆ ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. ಡಾಕ್ಟರು ಯಾವ ತಾರೀಖು ಕೊಟ್ಟಿದ್ದಾರೆ, ನಾರ್ಮಲ್ ಆಗುತ್ತದೆಯೋ ಸಿಜೇರಿಯನ್ನೋ, ಬಾಣಂತನ ತವರಿನಲ್ಲೋ ಇಲ್ಲಿಯೋ, ಕುಬಸಕ್ಕೆ ಯಾರ ಮನೆಯಿಂದ ಎಂಥ ಸೀರೆ ಬಂತು, ಹೊಟ್ಟೆ ಮುಂದೆ ಬಂದಿದೆ ಎಂದ ಮೇಲೆ ಗಂಡೇ ಇರಬೇಕಲ್ಲವೇ. ಹುಟ್ಟಿದ ಕೂಸಿಗೆ ಮೊದಲ ಮೂರು ದಿನ ಏನನ್ನು ಕುಡಿಸುವುದು, ಯಾರು ಜೊತೆಗಿದ್ದು ಕುಡಿಸಲು ಕಲಿಸುವುದು, ಹಾಲು ತಡವಾದರೆ ಏನು ಮಾಡುವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಕೇಳಬೇಕಾದ ಪ್ರಶ್ನೆಯೆಂದೇ ಯಾರಿಗೂ ಅನಿಸುವುದಿಲ್ಲ. ಹೆತ್ತವಳಿಗೆ ಹಾಲು ಬರುತ್ತದೆ, ಕೂಸು ಕುಡಿಯುತ್ತದೆ, ಇದರಲ್ಲಿ ನಿರ್ಧರಿಸುವುದು ಏನಿದೆ? ಆದರೆ ಇದೇ ಜನ ಹೆರಿಗೆಯಾದ ಎರಡನೆಯ ರಾತ್ರಿ ಕೂಸು ಎಡೆಬಿಡದೆ ಅಳತೊಡಗಿದಾಗ ನಿರ್ಧಾರವನ್ನು ಕೈಗೆತ್ತಿಕೊಳ್ಳುತ್ತಾರೆ. ಹೊಲಿಗೆಯ ನೋವಿನಲ್ಲಿ ಮಗ್ಗುಲು ಬದಲಿಸಲೂ ಆಗದೆ ಮಲಗಿರುವವಳನ್ನು ಬಿಟ್ಟು, ಎಚ್ಚರವಿರುವ ಉಳಿದವರೆಲ್ಲ ಸೇರಿ, ಆಸ್ಪತ್ರೆಯ ಎದುರಿನ ಮೆಡಿಕಲ್ ಅಂಗಡಿಗೆ ಪುಡಿ ಹಾಲಿನ ಡಬ್ಬಿ ತರಲು ಒಬ್ಬನನ್ನು ಓಡಿಸುತ್ತಾರೆ. ನಮ್ಮ ಬಳಗದಲ್ಲಿ ಇದನ್ನು ನಾನು ಹಲವು ಸಲ ನೋಡಿದ್ದೆ. ನೋಡಿದಾಗಲೆಲ್ಲ ಕಾಡಿದ್ದು ಪುಡಿ ಹಾಲು ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಹಾಲು ಸಾಲುವುದಿಲ್ಲ ಎಂಬ ತೀರ್ಪನ್ನು ಯಾರು, ಏನನ್ನು ನೋಡಿ ಕೊಟ್ಟರು ಎಂಬುದು.

ಶುಗರ್ ಬಂದ ಮೇಲೆ

ನನ್ನ ಪಾಲಿಗೆ ಈ ಪ್ರಶ್ನೆ ಹೆರಿಗೆಗೆ ಮೊದಲೇ ಎದುರಾದದ್ದು ರಕ್ತದ ಸಕ್ಕರೆಯಿಂದಾಗಿ. 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಎರಡು ತಾಸಿನ ನಂತರ ರಕ್ತ ತೆಗೆಯುತ್ತಾರಲ್ಲ, ಆ ಪರೀಕ್ಷೆಯಲ್ಲಿ 140 ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹವೆಂದು ಲೆಕ್ಕ. ನನ್ನದು ಅದನ್ನು ದಾಟಿತ್ತು. ಬೆಳಗಿನ ಖಾಲಿ ಹೊಟ್ಟೆಗೆ 95ರೊಳಗೆ, ಊಟವಾದ ಎರಡು ತಾಸಿಗೆ 120ರೊಳಗೆ ಇರಬೇಕೆಂದು ಡಾಕ್ಟರ್ ಮೇಡಂ ಚೀಟಿಯಲ್ಲಿ ಬರೆದು ಕೊಟ್ಟರು. ಜೋಳದ ರೊಟ್ಟಿ, ಹೆಸರುಕಾಳು, ಸೊಪ್ಪಿನ ಪಲ್ಯ, ಊಟದ ನಂತರ ಮಾಳಿಗೆಯ ಮೇಲೆ ನಡಿಗೆ, ಇಷ್ಟರಲ್ಲಿಯೇ ಅದು ಹತೋಟಿಗೆ ಬಂತು, ಇನ್ಸುಲಿನ್ ಬೇಕಾಗಲಿಲ್ಲ. ಅದೇ ಹೊತ್ತಿಗೆ ಒಬ್ಬೊಬ್ಬ ಬೀಗರು ಅಮೀನಗಡದಿಂದ, ಗೋಕಾಕದಿಂದ ಕರದಂಟಿನ ಡಬ್ಬಿ ಕಳಿಸತೊಡಗಿದ್ದು ಬೇರೆ ಮಾತು. (ಅವನ್ನೆಲ್ಲ ತಿಂದವರು ನನ್ನ ಪತಿ. ಆ ತಿಂಗಳುಗಳಲ್ಲಿ ನನಗಿಂತ ಹೆಚ್ಚು ತೂಕ ಏರಿದ್ದು ಅವರದೇ.)

ಶುಗರ್ ಎಂದರೆ ತಾಯಿಯ ಕಾಯಿಲೆ, ಹೆರಿಗೆಯಾದರೆ ಮುಗಿಯಿತು ಎಂದು ಮನೆಯವರು ತಿಳಿದಿದ್ದರು. ಅದು ಕೂಸಿನ ಮೊದಲ ಹಾಲಿಗೂ ಸಂಬಂಧಿಸಿದ್ದು ಎಂದು ಬಿಡಿಸಿ ಹೇಳಿದವರು ಡಾಕ್ಟರ್ ಮೇಡಂ. ತಾಯಿಯ ರಕ್ತದ ಹೆಚ್ಚಿನ ಸಕ್ಕರೆ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ಹೋಗುತ್ತದೆ. ಅದನ್ನು ಅರಗಿಸಲು ಕೂಸಿನ ಮೇದೋಜೀರಕ ಗ್ರಂಥಿ ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಹುಟ್ಟಿ ಬಳ್ಳಿ ಕತ್ತರಿಸಿದ ಗಳಿಗೆಯಲ್ಲಿ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಕೆಲವು ಹೊತ್ತು ಮೊದಲಿನಂತೆಯೇ ಹರಿಯುತ್ತಿರುತ್ತದೆ. ಆದ್ದರಿಂದ ಮೊದಲ ತಾಸುಗಳಲ್ಲಿ ಕೂಸಿನ ಸಕ್ಕರೆ ಇಳಿಯಬಹುದು, ಬಹಳ ಇಳಿದು ಹಾಗೆಯೇ ಉಳಿದರೆ ಮೆದುಳಿಗೆ ಅಪಾಯ. ಅದಕ್ಕಾಗಿ ಇಂಥ ಕೂಸುಗಳ ಹಿಮ್ಮಡಿಗೆ ಸೂಜಿ ಚುಚ್ಚಿ ಪದೇ ಪದೇ ನೋಡುತ್ತಾರೆ, ಬೇಗನೆ ಕುಡಿಸುತ್ತಾರೆ. ತೊಡಕು ಇರುವುದು ಇಲ್ಲಿಯೇ. ಶುಗರ್ ಇದ್ದವರಿಗೆ, ಸಿಜೇರಿಯನ್ ಆದವರಿಗೆ, ಚೊಚ್ಚಿಲ ಹೆರಿಗೆಯವರಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗುವ ಸಾಧ್ಯತೆ ಹೆಚ್ಚು. ಬೇಗ ಬೇಕಾದ ಕೂಸು, ತಡವಾಗಿ ಬರುವ ಹಾಲು; ಎರಡರ ನಡುವೆ ಪುಡಿ ಹಾಲಿನ ಡಬ್ಬಿ ಬಂದು ಕೂರುತ್ತದೆ.

ಇದು ತಿಳಿದ ಮೇಲೆ ರಾತ್ರಿಯ ಚಿಂತೆಗಳ ಸ್ವರೂಪವೇ ಬದಲಾಯಿತು. ಎಡಮಗ್ಗುಲಿಗೆ ಮಲಗಿ ಕೂಸಿನ ಒದೆತಗಳನ್ನು ಎಣಿಸುವುದು ಇದ್ದೇ ಇತ್ತು. ಎರಡು ತಾಸಿನಲ್ಲಿ ಹತ್ತು ಆಗದಿದ್ದರೆ ತಡಮಾಡದೆ ಬರಬೇಕೆಂದು ಹೇಳಿದ್ದರು, ಎಂಟಕ್ಕೆ ನಿಂತು ಕೂಸು ಮಲಗಿಬಿಟ್ಟರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹೆರಿಗೆಯ ನಂತರದ ರಕ್ತಸ್ರಾವದ ಹೆದರಿಕೆಯೂ ಇತ್ತು, ಏಕೆಂದರೆ ನಮ್ಮ ಆಯಿಯ, ಅಂದರೆ ಅವ್ವನ ತಾಯಿಯ, ತಂಗಿ ತೀರಿಹೋದದ್ದು ಅದರಲ್ಲಿಯೇ. ಆ ಹೆದರಿಕೆ ಸ್ವಲ್ಪ ತಗ್ಗಿದ್ದು ಬೆಳಗಾವಿಯಲ್ಲಿರುವ ನಮ್ಮ ವೈನಿಯ ಮಾತಿನಿಂದ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಣ್ಣುಮಕ್ಕಳ ಮೇಲೆ ಒಂದು ಅಧ್ಯಯನ ನಡೆದಿತ್ತು. ಹೆರಿಗೆಯಾದೊಡನೆ ನುಂಗಿಸುವ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯಿಂದ ಹೆಚ್ಚು ರಕ್ತ ಹೋಗುವವರ ಪ್ರಮಾಣ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತೆಂದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನಮ್ಮ ಸೀಮೆಯ ಸೂಲಗಿತ್ತಿಯರ ಊರುಗಳಿಂದ ಹೊರಟ ಈ ಅಂಕಿಗಳನ್ನು ಜಗತ್ತು ಓದಿದೆ, ನಾವು ಓದಿಲ್ಲ. ಕೂಸು ಮೊಲೆ ಚೀಪಿದಾಗ ತಾಯಿಯ ದೇಹದಲ್ಲಿ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಕೂಡ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂದು ವೈನಿ ಸೇರಿಸಿದರು. ಅಂದರೆ ಹಾಲುಣಿಸುವುದು ಕೂಸಿನ ಕೆಲಸವಷ್ಟೇ ಅಲ್ಲ, ನನ್ನ ಮೈಯ ಕೆಲಸವೂ ಆಗಿತ್ತು.

ಆಯಿಯ ಲೆಕ್ಕ

ಮಾರ್ಚಿನ ಒಂದು ಮಧ್ಯಾಹ್ನ ಆಯಿ ನನ್ನನ್ನು ನೋಡಲು ಊರಿನಿಂದ ಬಂದಿದ್ದಳು. ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಮಂದ, ನೆನಪು ಚುರುಕು. ಫ್ಯಾನಿನ ಕೆಳಗೆ ಚಾಪೆ ಹಾಸಿ, ನನ್ನ ಊದಿದ ಕಾಲುಗಳನ್ನು ತನ್ನ ತೊಡೆಯ ಮೇಲೆಳೆದುಕೊಂಡು ತಿಕ್ಕುತ್ತ ಕೂತಿದ್ದವಳನ್ನು ನಾನು ಕೇಳಿದೆ: ನಿನ್ನ ಕಾಲದಲ್ಲಿ ಹುಟ್ಟಿದ ಕೂಸಿಗೆ ಮೊದಲು ಏನು ಕುಡಿಸುತ್ತಿದ್ದಿರಿ? ಹಿಂದಿನವರೆಲ್ಲ ಎದೆಹಾಲನ್ನೇ ಕುಡಿಸಿದರು, ಡಬ್ಬಿ ಬಂದು ಎಲ್ಲ ಕೆಟ್ಟಿತು ಎಂಬ ಮಾತನ್ನು ಎಷ್ಟೋ ಕಡೆ ಕೇಳಿದ್ದ ನನಗೆ ಬೇರೆಯೇ ಉತ್ತರ ಸಿಕ್ಕಿತು. “ಮೂರ ದಿನ ಎದಿಗೆ ಹಾಕ್ತಿದ್ದಿಲ್ಲವಾ. ಬೆಲ್ಲದ ನೀರಾಗ ಅರಳಿ ಅದ್ದಿ ಬಾಯಾಗ ಹಿಂಡತಿದ್ವಿ. ಮೊದಲಿನ ಹಾಲು ಹಳದಿ ಇರ್ತೈತಿ, ಗಟ್ಟಿ ಇರ್ತೈತಿ, ಕೂಸಿಗೆ ಅರಗೂದಿಲ್ಲ ಅಂತಿದ್ರು, ಹಿಂಡಿ ಚೆಲ್ಲತಿದ್ವಿ.” ಎಂಟು ಹೆತ್ತವಳು, ಐದು ಉಳಿದವು. ಆ ಎರಡು ಮಾತುಗಳಿಗೆ ಅವಳು ಯಾವ ಸಂಬಂಧವನ್ನೂ ಕಲ್ಪಿಸಲಿಲ್ಲ, ನಾನೂ ಅವಳೆದುರು ಕಲ್ಪಿಸಲಿಲ್ಲ.

ಎಮ್ಮೆ ಈದಾಗ ಇದೇ ಆಯಿ ಗಿಣ್ಣದ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ಓಣಿಗೆಲ್ಲ ಹಂಚುತ್ತಿದ್ದಳು. ಎಮ್ಮೆಯ ಮೊದಲ ಹಾಲು ಅಮೃತ, ಹೆಣ್ಣಿನ ಮೊದಲ ಹಾಲು ಚೆಲ್ಲುವಂಥದ್ದು ಹೇಗಾಯಿತು ಎಂದು ಕೇಳಿದೆ. “ಎಮ್ಮಿದು ಬ್ಯಾರೆ, ಹೆಂಗಸಿಂದು ಬ್ಯಾರೆ” ಎಂದಳು ತಟ್ಟನೆ. ನನ್ನ ಇನ್ನೊಂದು ಕಾಲನ್ನು ಎಳೆದುಕೊಂಡು, ಸ್ವಲ್ಪ ಹೊತ್ತು ತಿಕ್ಕಿ, “ಚೆಲ್ಲು ಅಂತ ಯಾರ ಹೇಳಿದ್ರು ಅಂತ ನೆಪ್ಪಿಲ್ಲ. ನಾವೂ ಕೇಳಲಿಲ್ಲ” ಎಂದಳು. ಆ ಹಳದಿ ಹಾಲು ಒಂದು ಸಲಕ್ಕೆ ಒಂದೆರಡು ಚಮಚದಷ್ಟೂ ಇರುವುದಿಲ್ಲ. ಆದರೆ ರೋಗಗಳ ವಿರುದ್ಧ ಕೂಸಿನ ಕರುಳಿಗೆ ಲೇಪದಂತೆ ಕಾವಲಾಗುವ ಪ್ರತಿಕಾಯಗಳು ಅದರಲ್ಲಿಯೇ ಹೆಚ್ಚು. ಹುಟ್ಟಿದ ಕೂಸಿಗೆ ಮೊದಲ ದಿನ ಒಂದು ಸಲಕ್ಕೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ.

ಆಯಿಯ ಮಾತಿನಲ್ಲಿ ಇನ್ನೊಂದು ಸಂಗತಿ ಬಂತು. ನಮ್ಮ ಅವ್ವ ಹುಟ್ಟಿದಾಗ ಆಯಿಗೆ ಜ್ವರ ಬಂದು ಎಚ್ಚರ ತಪ್ಪಿತ್ತಂತೆ. ಆಗ ಅದೇ ಮನೆಯಲ್ಲಿ ಆರು ತಿಂಗಳ ಗಂಡುಮಗುವಿನ ತಾಯಿಯಾಗಿದ್ದ ನೆಗೆಣ್ಣಿ ಒಂದು ಮೊಲೆಗೆ ತನ್ನ ಮಗನನ್ನೂ ಇನ್ನೊಂದಕ್ಕೆ ಅವ್ವನನ್ನೂ ಹಾಕಿಕೊಂಡು ಸಾಕಿದಳು. ಒಬ್ಬಳಿಗೆ ಸಾಲದಿದ್ದರೆ ಇನ್ನೊಬ್ಬಳ ಹಾಲು ಎಂಬ ಏರ್ಪಾಡು ದೊಡ್ಡ ಮನೆಗಳಲ್ಲಿ ಇದ್ದದ್ದೇ. ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕ್ ಆರಂಭಿಸಿದರು, ಅದು ಏಷ್ಯಾದಲ್ಲಿಯೇ ಮೊದಲನೆಯದು. ಕೊಟ್ಟವರ ರಕ್ತ ಪರೀಕ್ಷಿಸಿ, ಹಾಲನ್ನು ಪಾಶ್ಚರೀಕರಿಸಿ, ದಿನ ತುಂಬದ ಕೂಸುಗಳಿಗೆ ಕುಡಿಸುವ ಕೆಲಸ. ರಕ್ತಪರೀಕ್ಷೆ ಇಲ್ಲದೆ ಇನ್ನೊಬ್ಬರ ಹಾಲು ಕುಡಿಸುವುದನ್ನು ಈಗ ಯಾವ ಡಾಕ್ಟರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವ ನನಗೆ ನೆಗೆಣ್ಣಿಯ ಹಾಲಷ್ಟೇ ಅಲ್ಲ, ರಾತ್ರಿ ಎರಡಕ್ಕೆ ಎದ್ದು ಕೂಸನ್ನು ಎದೆಗೆ ಸರಿಯಾಗಿ ಹಿಡಿಸಿ ತೋರಿಸುವ ಆಕೆಯ ಕೈಯೂ ಇರಲಿಲ್ಲ. ಡಬ್ಬಿ ತುಂಬಿದ್ದು ಹಾಲಿನ ಜಾಗವನ್ನೋ ಅಥವಾ ಆ ಕೈಯ ಜಾಗವನ್ನೋ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಕೈಯ ಜಾಗವನ್ನೇ ಇರಬೇಕು ಎಂಬುದು ನನ್ನ ಅನಿಸಿಕೆ.

ಮೊದಲೇ ಬರೆದಿಟ್ಟ ಕಾಗದ

ನಿರ್ಧಾರವನ್ನು ಹೆರಿಗೆಗೆ ಮೊದಲೇ, ಹಗಲು ಹೊತ್ತಿನಲ್ಲಿ, ತಲೆ ತಿಳಿಯಾಗಿದ್ದಾಗ ಮಾಡಬೇಕೆಂದು ನಾನು ಹಟ ಹಿಡಿದೆ. ಶುಗರ್ ಇದ್ದವರು ಹೆರಿಗೆಗೆ ಮೊದಲೇ ಹಳದಿ ಹಾಲನ್ನು ಕೈಯಿಂದ ಹಿಂಡಿ ತೆಗೆದಿಡುವ ಕ್ರಮವೊಂದಿದೆ. ಆಸ್ಟ್ರೇಲಿಯಾದಲ್ಲಿ ಮಧುಮೇಹವಿದ್ದ, ಬೇರೆ ತೊಡಕಿಲ್ಲದ 635 ಗರ್ಭಿಣಿಯರ ಮೇಲೆ ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. 36 ವಾರ ಕಳೆದ ಮೇಲೆ ಹಾಗೆ ಹಿಂಡಿದ್ದರಿಂದ ಕೂಸುಗಳು ತೀವ್ರ ನಿಗಾ ಘಟಕಕ್ಕೆ ಸೇರುವ ಪ್ರಮಾಣ ಹೆಚ್ಚಲಿಲ್ಲ. ಡಾಕ್ಟರ್ ಮೇಡಂ ಮೊದಲು ಹುಬ್ಬೇರಿಸಿದರು. ಮರುವಾರ ಸ್ಕ್ಯಾನಿನ ವರದಿ ನೋಡಿ, ಬಿಪಿ ನೋಡಿ, ಹೊಟ್ಟೆ ಬಿಗಿಯತೊಡಗಿದರೆ ತಕ್ಷಣ ನಿಲ್ಲಿಸಬೇಕೆಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಕೇಳದೆ ಮಾಡುವ ಕೆಲಸವಲ್ಲ ಇದು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಲಕ್ಷಣವಿದ್ದವರಿಗೆ ಖಂಡಿತ ಅಲ್ಲ. ನನಗೆ ಬಂದದ್ದು ಹನಿಗಳು ಮಾತ್ರ, ಸಣ್ಣ ಸಿರಿಂಜಿನಲ್ಲಿ ಎಳೆದು ಫ್ರಿಜ್ಜಿನ ಬರ್ಫಿನ ಖಾನೆಯಲ್ಲಿಟ್ಟರೂ ಕರೆಂಟು ಹೋಗಿ ಬಂದು ಮಾಡುವ ನಮ್ಮ ಓಣಿಯಲ್ಲಿ ಅದರ ಮೇಲೆ ಭರವಸೆ ಇಡುವಂತಿರಲಿಲ್ಲ. ಆದರೆ ಬೆರಳುಗಳನ್ನು ಎಲ್ಲಿ ಇಟ್ಟು, ಹೇಗೆ ಹಿಂದಕ್ಕೆ ಒತ್ತಿ ಹಿಂಡಬೇಕೆಂಬುದು ಕೈಗೆ ಹತ್ತಿತು. ಅದು ಕರೆಂಟಿನೊಂದಿಗೆ ಹೋಗುವ ವಿದ್ಯೆಯಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಬರೆದು ಪತಿಗೂ, ಅವ್ವನಿಗೂ, ಅತ್ತೆಗೂ ಓದಿ ಹೇಳಿದೆ. ಮೊದಲ ತಾಸಿನಲ್ಲಿಯೇ ಕೂಸನ್ನು ಎದೆಗೆ ಹಾಕಬೇಕು, ಆಪರೇಷನ್ ಆದರೂ ಸರಿ. ಕೂಸಿನ ಸಕ್ಕರೆ ಇಳಿದರೆ ಮೊದಲು ಹಿಂಡಿದ ಹಾಲು, ಅದರಿಂದ ಏರದಿದ್ದರೆ ಡಾಕ್ಟರು ಹೇಳಿದ್ದು. ಪುಡಿ ಹಾಲನ್ನು ಡಾಕ್ಟರು ಕೇಸ್ ಪೇಪರಿನಲ್ಲಿ ಬರೆದರೆ ಮಾತ್ರ ಕೊಡಬೇಕು, ಎಷ್ಟು ಮಿಲಿಲೀಟರ್, ಎಷ್ಟು ದಿನ ಎಂದು ಬರೆಸಿಕೊಳ್ಳಬೇಕು. ಬಾಟಲಿಯಲ್ಲಿ ಅಲ್ಲ, ಒಳಲೆಯಲ್ಲಿ ಅಥವಾ ಬಟ್ಟಲು ಚಮಚದಲ್ಲಿ ಕುಡಿಸಬೇಕು. ಅದೇ ಹೊತ್ತಿನಲ್ಲಿ ನಾನು ಹಿಂಡುತ್ತಿರಬೇಕು, ಏಕೆಂದರೆ ಖಾಲಿಯಾದ ಎದೆಯೇ ಮತ್ತೆ ತುಂಬುವುದು. ಕೊನೆಯ ಸಾಲನ್ನು ಓದುವಾಗ ನನ್ನ ದನಿ ಸ್ವಲ್ಪ ಗಡುಸಾಗಿತ್ತೆಂದು ಪತಿ ಆಮೇಲೆ ಹೇಳಿದರು: ಡಾಕ್ಟರು ಡಬ್ಬಿ ಬರೆದುಕೊಟ್ಟರೆ, ಇವಳಿಗೆ ಹಾಲೇ ಬರಲಿಲ್ಲ ಎಂದು ಯಾರೂ ಯಾರ ಮುಂದೆಯೂ ಅನ್ನಬಾರದು.

ಅತ್ತೆ ಅಂದದ್ದು ಇಷ್ಟೇ, “ಇಷ್ಟೆಲ್ಲ ಬರದ ಇಡೂದು ಯಾಕವಾ, ಇದೇನು ಹೊಲದ ಕಾಗದಪತ್ರಾನ?” ಆದರೆ ಹಾಳೆಯನ್ನು ಮಡಿಚಿ ತಾಯಿ ಕಾರ್ಡಿನ ಒಳಗೆ ಇಟ್ಟವರೂ ಅವರೇ.

ಡಬ್ಬಿಯನ್ನು ನಾನು ಶತ್ರುವೆಂದು ತಿಳಿದಿಲ್ಲ. ಬೇಕಾದವರಿಗೆ ಅದು ಔಷಧ, ಔಷಧದಂತೆಯೇ ಅದಕ್ಕೂ ಅಳತೆ ಇದೆ, ಖರ್ಚಿದೆ, ಅಪಾಯವಿದೆ. 400 ಗ್ರಾಂ ಪುಡಿಯಿಂದ ಸುಮಾರು ಮೂರು ಲೀಟರ್ ಹಾಲಾಗುತ್ತದೆ. ತಿಂಗಳ ಕೂಸು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುವುದರಿಂದ ಒಂದು ಡಬ್ಬಿ ವಾರ ಕೂಡ ಬಾಳುವುದಿಲ್ಲ. ಹಾಗಾಗಿ ಕೈ ಕುಗ್ಗಿದ ಮನೆಗಳಲ್ಲಿ ಒಂದು ಚಮಚಕ್ಕೆ ಎರಡು ಪಟ್ಟು ನೀರು ಬೀಳುತ್ತದೆ, ಕೂಸು ಹೊಟ್ಟೆ ತುಂಬಿದಂತೆ ಮಲಗುತ್ತದೆ, ತೂಕ ಏರುವುದಿಲ್ಲ. ಪುಡಿ ಕ್ರಿಮಿರಹಿತವಲ್ಲ, ಆದ್ದರಿಂದ ಅದನ್ನು 70 ಡಿಗ್ರಿಗಿಂತ ಕಡಿಮೆಯಾಗದ ಬಿಸಿನೀರಿನಲ್ಲಿ ಕಲಸಿ ನಂತರ ಆರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸುವುದನ್ನೇ ನಾನು ಎಲ್ಲೆಡೆ ನೋಡಿದ್ದೇನೆ. ಬೇಸಿಗೆಯಲ್ಲಿ ನಳದ ನೀರಿಗಾಗಿ ದಿನಗಟ್ಟಲೆ ಕಾದು, ಹಂಡೆಯಲ್ಲಿ ತುಂಬಿಟ್ಟು ಬಳಸುವ ನಮ್ಮೂರಿನಲ್ಲಿ ಇದು ಸಣ್ಣ ಮಾತಲ್ಲ. ಶಿಶು ಹಾಲಿನ ಬದಲಿಗಳು, ಬಾಟಲಿಗಳ ಬಗ್ಗೆ 1992ರಲ್ಲಿಯೇ ಕಾಯಿದೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಗಿ, ಜಾಹೀರಾತನ್ನೂ ಡಬ್ಬಿಯ ಮೇಲೆ ಕೂಸಿನ ಚಿತ್ರವನ್ನೂ ನಿಷೇಧಿಸಿತು. ತಾಯಿಯ ಹಾಲೇ ಶ್ರೇಷ್ಠವೆಂದು ಡಬ್ಬಿಯ ಮೇಲೆ ಬರೆದಿರಲೇಬೇಕು. ಅರ್ಧ ರಾತ್ರಿಯಲ್ಲಿ ಡಬ್ಬಿ ತರುವವರು ಅದನ್ನು ಓದುವುದಿಲ್ಲ ಎಂಬುದಷ್ಟೇ ಕೊರತೆ.

ಎರಡು ಕೂಸುಗಳು

ಏಪ್ರಿಲ್ ತಿಂಗಳಿನಲ್ಲಿ, ಕೂಸಿನ ತಲೆ ಇಳಿಯದ್ದರಿಂದ ಕೊನೆಗೂ ಸಿಜೇರಿಯನ್ ಆಯಿತು. ಹೆಣ್ಣುಮಗು. ಮೊದಲ ಪರೀಕ್ಷೆಯಲ್ಲಿ ಅವಳ ಸಕ್ಕರೆ 41. ಆ ಆಸ್ಪತ್ರೆಯಲ್ಲಿ 45ನ್ನು ಗೆರೆಯಾಗಿ ಇಟ್ಟುಕೊಂಡಿದ್ದರು. ಎದೆಗೆ ಹಾಕಿ, ನಂತರ ನಾನೇ ಹಿಂಡಿದ ಹನಿಗಳನ್ನು ಸಿಸ್ಟರ್ ಅವಳ ಕೆನ್ನೆಯೊಳಗೆ ಬಿಟ್ಟರು. ಮುಂದಿನ ಪರೀಕ್ಷೆಯಲ್ಲಿ 53 ಬಂತು. ಅಲ್ಲಿಗೆ ಶುಗರಿನ ಅಧ್ಯಾಯ ಮುಗಿಯಿತು. ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದರೂ ಹುಟ್ಟಿದ ಮೊದಲ ತಾಸಿನಲ್ಲಿ ಎದೆಹಾಲು ಸಿಗುವುದು ನೂರಕ್ಕೆ 42ರಷ್ಟು ಕೂಸುಗಳಿಗೆ ಮಾತ್ರ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದ ಮೇಲೆ ಎಲ್ಲ ತಪ್ಪನ್ನೂ ಅಜ್ಜಿಯರ ತಲೆಗೆ ಕಟ್ಟುವಂತಿಲ್ಲ.

ಎರಡನೆಯ ರಾತ್ರಿ ಅವಳು ಅಳಲು ತೊಡಗಿದಳು. ಎದೆಗೆ ಹಾಕಿದರೆ ಚೀಪುವಳು, ತೆಗೆದರೆ ಅಳುವಳು, ಮತ್ತೆ ಹಾಕಿದರೆ ಮತ್ತೆ ಚೀಪುವಳು. ವಾರ್ಡಿನಲ್ಲಿದ್ದ ಹಿರಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನನ್ನ ಕಾಟಿನ ಬಳಿ ಬಂದು ನಿಂತು ನೋಡಿ ಹೋದರು. “ಹಾಲ ಇನ್ನೂ ಇಳದಿಲ್ಲ, ಕೂಸು ಒಣಗಾಕ ಹತ್ತೈತಿ” ಎಂದು ಒಬ್ಬರು, “ಒಂದ ಡಬ್ಬಿ ತಂದ್ರ ಏನ ಆಕ್ಕೈತಿ, ಎಲ್ಲಾರೂ ಕೊಡ್ತಾರ” ಎಂದು ಇನ್ನೊಬ್ಬರು. ಅತ್ತೆ ಏನೂ ಅನ್ನದೆ ನನ್ನ ಮುಖವನ್ನೂ ತಾಯಿ ಕಾರ್ಡನ್ನೂ ನೋಡುತ್ತಿದ್ದರು. ರಾತ್ರಿ ಪಾಳಿಯ ಸಿಸ್ಟರ್ ಬಂದು ಕೂಸಿನ ಮೈ ಮುಟ್ಟಿ, ಬಾಯಿಯ ಪಸೆ ನೋಡಿ, ಕೆಳಗೆ ಹಾಕಿದ್ದ ಬಟ್ಟೆಗಳನ್ನು ಎಣಿಸಿದರು. “ಅಳೂದು ನೋಡಬ್ಯಾಡ್ರಿ, ಅರಿವಿ ನೋಡ್ರಿ” ಎಂದರು. ಎರಡನೆಯ ದಿನಕ್ಕೆ ಎರಡು, ಮೂರನೆಯ ದಿನಕ್ಕೆ ಮೂರು, ಐದನೆಯ ದಿನದಿಂದ ಆರು ಅಥವಾ ಹೆಚ್ಚು ಬಟ್ಟೆ ಒದ್ದೆಯಾಗಬೇಕು. ಕರಿ ಮಲ ಹಸಿರಾಗಿ, ಹಸಿರು ಹಳದಿಯಾಗಬೇಕು. ಮೊದಲ ದಿನಗಳಲ್ಲಿ ಎಲ್ಲ ಕೂಸುಗಳ ತೂಕವೂ ಇಳಿಯುತ್ತದೆ, ನೂರಕ್ಕೆ ಹತ್ತರ ಹತ್ತಿರ ಹೋದರೆ ಯೋಚಿಸಬೇಕು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಎರಡನೆಯ ರಾತ್ರಿ ಹೀಗೆ ಬಿಡದೆ ಚೀಪುವುದು ಬಹುಪಾಲು ಕೂಸುಗಳ ರೂಢಿ; ಹಾಲು ಇಳಿಯುವಂತೆ ಮಾಡುವುದೂ ಆ ಚೀಪುವಿಕೆಯೇ. ಬೆಳಿಗ್ಗೆ ತೂಗಿದಾಗ ನನ್ನ ಕೂಸು ಕಳೆದುಕೊಂಡದ್ದು ನೂರಕ್ಕೆ ಆರರಷ್ಟು. ಅವಳಿಗೆ ಸಾಲುತ್ತಿತ್ತು.

ಪಕ್ಕದ ಕಾಟಿನಲ್ಲಿ ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಇದ್ದಳು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಅವಳ ಗಂಡುಕೂಸು 36 ವಾರಕ್ಕೇ ಹುಟ್ಟಿತ್ತು. ಅದು ಅಳುತ್ತಲೇ ಇರಲಿಲ್ಲ. ಎದೆಗೆ ಹಾಕಿದರೆ ಎರಡು ಸಲ ಚೀಪಿ ನಿದ್ದೆ ಹೋಗುತ್ತಿತ್ತು, ತಾಸುಗಟ್ಟಲೆ ಏಳುತ್ತಿರಲಿಲ್ಲ. ನನ್ನನ್ನು ನೋಡಿ ಮರುಗಿದ ಹೆಂಗಸರೇ ಅವಳ ಕಾಟಿನ ಬಳಿ ಹೋಗಿ, “ನಿನ್ನ ಕೂಸು ಬಾಳ ಶಾಣ್ಯಾ ಐತಿ ನೋಡವಾ, ಹೊಟ್ಟಿ ತುಂಬಿ ಮಲಗೈತಿ” ಎಂದು ಲಟಿಕೆ ಮುರಿಯುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಆ ಕೂಸಿನ ತೂಕ ನೂರಕ್ಕೆ ಹನ್ನೊಂದರಷ್ಟು ಇಳಿದಿತ್ತು, ಬಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ, ಕಣ್ಣಿನಲ್ಲಿ ಹಳದಿ. ಮಕ್ಕಳ ಡಾಕ್ಟರು ಬಂದು, ದಿನ ತುಂಬುವ ಮೊದಲು ಹುಟ್ಟಿದ ಕೂಸುಗಳಿಗೆ ಎಚ್ಚರವಾಗಿ ಚೀಪುವ ಬಲವೇ ಇರುವುದಿಲ್ಲ, ಹಸಿದಷ್ಟೂ ಇನ್ನೂ ಮಲಗುತ್ತವೆ ಎಂದು ಹೇಳಿ, ತಾಯಿ ಹಿಂಡಿದ ಹಾಲಿನ ಜೊತೆಗೆ ಅಳತೆ ಮಾಡಿದ ಪುಡಿ ಹಾಲನ್ನು ಬರೆದರು, ಕಾಮಾಲೆಗೆಂದು ನೀಲಿ ಬೆಳಕಿನ ಕೆಳಗೆ ಇಡಿಸಿದರು. ಆ ಕೂಸಿಗೆ ಅದು ಬೇಕೇ ಬೇಕಾಗಿತ್ತು. ಅಷ್ಟು ಹೊತ್ತಿಗೆ ಅವಳ ಅತ್ತೆಯ ಬಾಯಲ್ಲಿ ಬಂದದ್ದು ಮಾತ್ರ ನಾನು ನಮ್ಮ ಹಾಳೆಯ ಕೊನೆಯ ಸಾಲಿನಲ್ಲಿ ತಡೆದಿಟ್ಟಿದ್ದ ಅದೇ ಮಾತು.

ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು ಎಂದು ನಾವು ಕಚೇರಿಯಿಂದ ಹಿಡಿದು ರಾಜಕೀಯದವರೆಗೆ ಎಲ್ಲದಕ್ಕೂ ಹೇಳುತ್ತೇವೆ. ಆ ವಾರ್ಡಿನಲ್ಲಿ ಅತ್ತ ಕೂಸಿಗೆ ಹಾಲು ಸಾಲುತ್ತಿತ್ತು, ಅಳದ ಕೂಸು ಹಸಿದಿತ್ತು. ಸುತ್ತ ನಿಂತ ಎಲ್ಲರೂ, ಹತ್ತಾರು ಕೂಸುಗಳನ್ನು ಬೆಳೆಸಿದವರು, ಎರಡೂ ಕಡೆ ತಿರುಗುಮುರುಗಾಗಿ ತೀರ್ಪು ಕೊಟ್ಟಿದ್ದರು. ಅವರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಅನುಭವಕ್ಕೂ ಇರಲಿಲ್ಲ. ಆದರೆ ಅವರ ಅನುಭವದಲ್ಲಿ ತಕ್ಕಡಿ ಇರಲಿಲ್ಲ.

ನೀರು, ಜೇನು, ಅಳವಿ

ಬಾಣಂತನಕ್ಕೆ ಜಮಖಂಡಿಯ ತವರಿಗೆ ಹೋದದ್ದು ಬಿಸಿಲು ನೆತ್ತಿ ಸುಡುವ ಕಾಲದಲ್ಲಿ. ಅಲ್ಲಿನ ವಾದ ಹಾಲಿನದಲ್ಲ, ನೀರಿನದು. ಇಂಥ ಬ್ಯಾಸಿಗೆಯಲ್ಲಿ ನಮಗೇ ನಾಲಿಗೆ ಒಣಗುತ್ತದೆ, ಕೂಸಿಗೆ ಎರಡು ಚಮಚ ನೀರು ಬೇಡವೇ ಎಂದು ಬಂದವರೆಲ್ಲ ಕೇಳಿದರು. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ, ಕೂಸು ಬಿಸಿಲಿಗೆ ಹೆಚ್ಚು ಸಲ ಕುಡಿದರೆ ಸಾಕು, ಆರು ತಿಂಗಳವರೆಗೆ ಬೇರೆ ಹನಿಯೂ ಬೇಡ ಎಂದು ನಾನು ಎಷ್ಟು ಹೇಳಿದರೂ ಅವ್ವನ ಮನಸ್ಸು ಒಪ್ಪಲಿಲ್ಲ. ವಿಚಿತ್ರವೆಂದರೆ ಕೂಸಿಗೆ ನೀರು ಹಾಕಲು ಹಟ ಮಾಡುವ ನಮ್ಮ ಪದ್ಧತಿಯೇ ಬಾಣಂತಿಗೆ ನೀರನ್ನು ಅಳೆದು ಕೊಡುತ್ತದೆ. ಹೆಚ್ಚು ನೀರು ಕುಡಿದರೆ ಹೊಟ್ಟೆ ಇಳಿಬೀಳುತ್ತದೆ, ಮೈ ತಂಪಾಗುತ್ತದೆ ಎಂದು. ನಾನು ಅವ್ವನೊಡನೆ ಒಂದು ಒಪ್ಪಂದಕ್ಕೆ ಬಂದೆ: ಕೂಸಿಗೆ ಕೊಡಬೇಕೆಂದಿರುವ ನೀರನ್ನೆಲ್ಲ ನನಗೆ ಕೊಡು. ತಂಬಿಗೆ ನನ್ನ ಮಂಚದ ಬಳಿ ಬಂತು, ಒಳಗಿನ ನೀರು ಕಾಯಿಸಿ ಆರಿಸಿದ್ದೇ ಆಗಿರಬೇಕೆಂಬ ಅವಳ ಷರತ್ತಿನೊಂದಿಗೆ.

ಉಳಿದ ಪಥ್ಯದಲ್ಲಿ ನಾನು ಜಗಳ ಕಾಯಲಿಲ್ಲ. ಬಳ್ಳೊಳ್ಳಿ ಹಾಕಿ ಕುಟ್ಟಿದ ಬಿಸಿ ಮುಟಗಿ, ಸಬ್ಬಸಗಿ ಪಲ್ಯ, ಬೆಲ್ಲ ಕಡಿಮೆ ಮಾಡಿದ ಅಳವಿ ಪಾಯಸ ಎಲ್ಲವನ್ನೂ ತಿಂದೆ. ಅವುಗಳಿಂದಲೇ ಹಾಲು ಹೆಚ್ಚಿತು ಎನ್ನಲಾರೆ. ಹಾಲನ್ನು ಹೆಚ್ಚಿಸುವುದು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವ ಕೂಸೇ. ಆದರೆ ಬಾಣಂತಿಯೊಬ್ಬಳು ಕೂತಲ್ಲಿಗೆ ಬಿಸಿ ಊಟ ಬರುವ ಪದ್ಧತಿಯನ್ನು ತಪ್ಪೆಂದು ವಾದಿಸುವ ಅಗತ್ಯ ನನಗೆ ಕಾಣಲಿಲ್ಲ. ಜೇನನ್ನು ಮಾತ್ರ ಕೂಸಿನ ಹತ್ತಿರ ಬರಗೊಡಲಿಲ್ಲ. ನಾಲಿಗೆಗೆ ಸವರುವ ಒಂದು ಹನಿಯಲ್ಲಿಯೂ ಬಾಟುಲಿಸಂ ಎಂಬ ಕಾಯಿಲೆ ತರುವ ಜೀವಾಣುವಿನ ಬೀಜಕಗಳು ಇರಬಹುದು, ವರ್ಷ ತುಂಬುವವರೆಗೆ ಜೇನು ಕೊಡಬಾರದು. ಕೂಸಿಗೆ ನೆಕ್ಕಿಸುವ ಮನೆಮದ್ದಿನ ಗುಟ್ಟಿ ತೇಯುವ ಕಲ್ಲನ್ನು ಅವ್ವ ತೊಳೆದು ತಂದಿಟ್ಟಿದ್ದಳು. ಅದನ್ನು ನಾನು ಎತ್ತಿ ಅಟ್ಟದ ಮೇಲಿಟ್ಟೆ, ಅವಳು ಇಳಿಸಿದಳು, ನಾನು ಮತ್ತೆ ಇಟ್ಟೆ. ಕೊನೆಗೆ ಅದು ಅಲ್ಲಿಯೇ ಉಳಿಯಿತು.

ಆರು ವಾರಕ್ಕೆ ನನ್ನ ಗ್ಲೂಕೋಸ್ ಪರೀಕ್ಷೆ ಮತ್ತೆ ಆಗಿ ಸಕ್ಕರೆ ಮಾಮೂಲಿಗೆ ಬಂದಿತ್ತು. ಗರ್ಭಾವಸ್ಥೆಯಲ್ಲಿ ಶುಗರ್ ಬಂದವರಿಗೆ ಮುಂದೆ ಕಾಯಂ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಹಾಲುಣಿಸುವುದರಿಂದ ಅದು ಕೆಲಮಟ್ಟಿಗೆ ತಗ್ಗುತ್ತದೆ. ಹೀಗಾಗಿ ರಜೆ ಮುಗಿದು ಕಾಲೇಜಿಗೆ ಮರಳಿದ ಮೇಲೂ ನಿಲ್ಲಿಸುವ ಯೋಚನೆ ಇಲ್ಲ. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ತಾಸು ಇರುತ್ತದೆ ಎನ್ನುತ್ತಾರೆ. ನಮ್ಮ ಸ್ಟಾಫ್ ರೂಮಿಗೆ ಆ ಲೆಕ್ಕ ಮಳೆಗಾಲದಲ್ಲಿ ಹೊಂದಬಹುದು, ಬೇಸಿಗೆಗೆ ಹೊಂದದು. ಬಾಗಿಲು ಹಾಕಿಕೊಂಡು ಕೂರಲು ಒಂದು ಕೋಣೆ ಕೊಡಿ ಎಂದು ಪ್ರಾಚಾರ್ಯರಿಗೆ ಅರ್ಜಿ ಬರೆದಿದ್ದೇನೆ. ಪ್ರಯೋಗಾಲಯದ ಉಗ್ರಾಣ ಖಾಲಿ ಮಾಡಿಸುತ್ತೇವೆ ಎಂದಿದ್ದಾರೆ, ಇನ್ನೂ ಮಾಡಿಸಿಲ್ಲ.

ಇಂಡಿಯ ಆ ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ಅವಳ ಕೂಸು ಈಗ ತುಂಬಿಕೊಂಡಿದೆ, ಹಗಲೆಲ್ಲ ಎದೆಹಾಲನ್ನೇ ಕುಡಿಯುತ್ತದೆ, ರಾತ್ರಿ ಮಾತ್ರ ಡಬ್ಬಿ. ಆಸ್ಪತ್ರೆಯಲ್ಲಿ ಒಂದು ವಾರಕ್ಕೆಂದು ಬರೆದುಕೊಟ್ಟ ಪುಡಿ ಹಾಲು ಅವರ ಮನೆಯಲ್ಲಿ ತಿಂಗಳುಗಳಿಂದ ನಡೆದಿದೆ, ಏಕೆಂದರೆ ರಾತ್ರಿ ಕೂಸು ಎರಡು ಸಲ ಏಳುವುದನ್ನು ನೋಡಿ ಅವಳ ಅತ್ತೆ ಹಾಲು ಸಾಲುವುದಿಲ್ಲ ಎಂದಿದ್ದಾರೆ. “ಬಿಡಸಬೌದ ಏನ್ರೀ ಅಕ್ಕಾರ?” ಎಂದು ಕೇಳಿದಳು. ನಾನು ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಹದಿನಾಲ್ಕನೆಯ ವಾರದ ಲಸಿಕೆಗೆ ಹೋದಾಗ ತೂಕ ಮಾಡಿಸಿ, ಕಾರ್ಡಿನಲ್ಲಿ ಬರೆಸಿಕೊಂಡು, ಅಲ್ಲಿಯೇ ಡಾಕ್ಟರನ್ನು ಕೇಳು ಎಂದೆ. ಕೇಳುತ್ತೇನೆ ಎಂದಳು, ಈ ಸಲ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾಳಂತೆ.